ನೋವಿಗೆ ಬೇಕಾದ ಹೊತ್ತು

ಹೊಸ ಬಸ್ ನಿಲ್ದಾಣ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಕೈಗಾರಿಕಾ ವಸಾಹತು, ವಿಮಾನ ನಿಲ್ದಾಣ, ಇವೆಲ್ಲವನ್ನೂ ತನ್ನ ಮಗ್ಗುಲಲ್ಲಿ ಇರಿಸಿಕೊಂಡು ಹಗಲಿರುಳೆನ್ನದೆ ಧಾವಿಸುವ ಹುಬ್ಬಳ್ಳಿಯ ಗೋಕುಲ ರಸ್ತೆಗೆ ಹೊಂದಿದ ಓಣಿಯೊಂದರಲ್ಲಿ ನನ್ನ ಅಕ್ಕನ ಮನೆಯಿದೆ. ಆ ಮನೆಯ ಅಡುಗೆಕೋಣೆಯಲ್ಲಿ, ಉಪ್ಪಿನಕಾಯಿಯ ಭರಣಿಗಳ ಹಿಂದೆ, ಹನ್ನೊಂದು ವರ್ಷಗಳಲ್ಲಿ ಕೂಡಿಬಂದ ಒಂದು ಚಿಕ್ಕ ಔಷಧಾಲಯವೇ ಬಹುಕಾಲ ಇದ್ದಿತು: ಅರ್ಧ ಮುಗಿದ ನೋವಿನ ಗುಳಿಗೆಗಳ ಪಟ್ಟಿಗಳು, ಮೂರು ನಾಲ್ಕು ಬಗೆಯ ತೈಲಗಳು, ಹೆಸರು ವಿಳಾಸಗಳಿಲ್ಲದ ಬೂದುಬಣ್ಣದ ಪುಡಿಯ ಡಬ್ಬಿ, ತಾಮ್ರದ ಕಡಗ, ಅಯಸ್ಕಾಂತದ ಪಟ್ಟಿ, ಬಿಸಿನೀರಿನ ರಬ್ಬರು ಚೀಲ. ಇವುಗಳಲ್ಲಿ ಒಂದೊಂದೂ ಒಂದೊಂದು ಆಸೆಯ ಕಾಲದಲ್ಲಿ ಮನೆಯೊಳಗೆ ಬಂದು, ಒಂದೊಂದು ನಿರಾಸೆಯ ಕಾಲದಲ್ಲಿ ಭರಣಿಗಳ ಹಿಂದಕ್ಕೆ ಸರಿದವು.

ಅಕ್ಕನ ವ್ಯಾಧಿ ಕಣ್ಣಿಗೆ ಕಾಣತಕ್ಕದ್ದಲ್ಲ. ಕೀಲು ಬಾತಿಲ್ಲ, ಜ್ವರವಿಲ್ಲ, ಮೈ ಬಡವಾಗಿಲ್ಲ. ಆದರೆ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಇಡಿಯ ಶರೀರವನ್ನು ಒನಕೆಯಿಂದ ಕುಟ್ಟಿದಂತಹ ವೇದನೆ. ರಾತ್ರಿ ಮಲಗುವಾಗ ಇದ್ದುದಕ್ಕಿಂತ ಬೆಳಗ್ಗೆ ಏಳುವಾಗ ಹೆಚ್ಚಾದ ದಣಿವು. ಒಲೆಯ ಮುಂದೆ ನಿಂತವಳಿಗೆ ಯಾವ ಡಬ್ಬಿಗೆಂದು ಕೈಚಾಚಿದೆನೆಂಬುದೇ ಮರೆತುಹೋಗುವಂತಹ ಮಂಕು. ಮೊಮ್ಮಗು ಪ್ರೀತಿಯಿಂದ ತೋಳು ಹಿಡಿದರೂ ಮುಖ ಕಿವಿಚುವಷ್ಟು ಮೈಯ ನಾಜೂಕು. ರಕ್ತವನ್ನು ಪರೀಕ್ಷಿಸಿದರು, ಕ್ಷ-ಕಿರಣದ ಚಿತ್ರ ತೆಗೆದರು, ಬೆನ್ನಿನ ಎಂ.ಆರ್.ಐ. ಮಾಡಿಸಿದರು, ಎಲ್ಲವೂ ಸರಿಯಾಗಿದೆಯೆಂಬ ಉತ್ತರವೇ ಬಂದಿತು. ಅಂದು ಸಂಜೆ ಆ ಕಾಗದಗಳ ಕಟ್ಟನ್ನು ನನ್ನ ಮುಂದಿಟ್ಟು ಆಕೆ ಕೇಳಿದಳು: "ಎಲ್ಲಾ ರಿಪೋರ್ಟು ನಾರ್ಮಲ್ ಅದಾವಂತ. ಹಂಗಾರ ಈ ಬ್ಯಾನಿ ಯಾರದೋ, ತಮ್ಮಾ?" ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಬರೆಯುತ್ತಿರುವುದೆಲ್ಲ ಆ ಪ್ರಶ್ನೆಯ ಋಣವನ್ನು ತೀರಿಸುವ ಪ್ರಯತ್ನ.

ಎರಡು ವರ್ಷಗಳ ತರುವಾಯ ಒಬ್ಬ ವೈದ್ಯರು ಆ ಬೇನೆಗೆ ಹೆಸರನ್ನು ಕೊಟ್ಟರು: ಫೈಬ್ರೊಮಯಾಲ್ಜಿಯ. ಹೆಸರು ಹೊಸದು, ಬೇನೆ ಹಳೆಯದು. 1904ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗವರ್ಸರು, ಸ್ನಾಯುಗಳ ನಾರಿನಲ್ಲಿ ಉರಿಯೂತವಿರಬೇಕೆಂದು ಊಹಿಸಿ, ಇದನ್ನು ಫೈಬ್ರೊಸೈಟಿಸ್ ಎಂದು ಕರೆದರು. ಎಷ್ಟು ಹುಡುಕಿದರೂ ಆ ಉರಿಯೂತ ಸಿಕ್ಕದೆ ಹೋದುದರಿಂದ 1976ರಲ್ಲಿ ಈಗಿನ ಹೆಸರು ಬಳಕೆಗೆ ಬಂದಿತು. 1990ರಲ್ಲಿ ಅಮೆರಿಕದ ಸಂಧಿರೋಗ ತಜ್ಞರ ಸಂಸ್ಥೆ, ಶರೀರದ 18 ನಿಯತ ಸ್ಥಾನಗಳಲ್ಲಿ 11ನ್ನಾದರೂ ಒತ್ತಿದಾಗ ನೋಯಬೇಕೆಂಬ ಲಕ್ಷಣವನ್ನು ವಿಧಿಸಿತು; 2010ರಲ್ಲಿ ಅದನ್ನು ಬದಲಿಸಿ, ನೋವಿನ ವಿಸ್ತಾರದೊಂದಿಗೆ ದಣಿವು, ನಿದ್ರೆ, ಮರೆವುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಮವನ್ನು ತಂದಿತು. ಲೋಕದಲ್ಲಿ ನೂರರಲ್ಲಿ 2ರಿಂದ 4 ಮಂದಿಗೆ ಈ ವ್ಯಾಧಿ ಇರುವುದೆಂದು ಅಂದಾಜು. ಅವರಲ್ಲಿ ಹೆಂಗಸರೇ ಹೆಚ್ಚು.

ಏರುಪೇರಿರುವುದು ಸ್ನಾಯುವಿನಲ್ಲಲ್ಲ, ನೋವಿನ ಸುದ್ದಿಯನ್ನು ಹೊತ್ತೊಯ್ದು ತೂಗಿನೋಡುವ ನರವ್ಯವಸ್ಥೆಯಲ್ಲಿ ಎಂಬುದು ಈಗಿನ ತಿಳಿವಳಿಕೆ. ಸಂಗೀತದ ಈ ಸೀಮೆಯವರಿಗೆ ಇದನ್ನು ಬಲುದೂರ ಹೋಗಿ ವಿವರಿಸಬೇಕಾಗಿಲ್ಲ: ತಂತಿಗಳನ್ನು ಅತಿಯಾಗಿ ಬಿಗಿದ ತಂಬೂರಿಯು ಬೆರಳು ಸೋಂಕುವ ಮುನ್ನವೇ, ಪಕ್ಕದಲ್ಲಿ ಹಾದುಹೋದವರ ಸೆರಗಿನ ಗಾಳಿಗೇ ಝೇಂಕರಿಸುವುದಲ್ಲವೆ? ವಾದ್ಯ ಮುರಿದಿಲ್ಲ, ಆದುದರಿಂದ ಯಾವ ಚಿತ್ರದಲ್ಲಿಯೂ ಬಿರುಕು ಕಾಣದು. ಆದರೆ ನಾದ ಸುಳ್ಳಲ್ಲ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 2017ರಲ್ಲಿ ಇಂತಹ ವೇದನೆಗೆ ಪ್ರತ್ಯೇಕವಾದೊಂದು ವರ್ಗವನ್ನೇ ಕಲ್ಪಿಸಿ, ಗಾಯವಿಲ್ಲದ ನೋವೂ ನೋವೇ ಎಂಬುದನ್ನು ಶಾಸ್ತ್ರದ ಭಾಷೆಯಲ್ಲಿ ಒಪ್ಪಿಕೊಂಡಿತು. ಅರೆತಲೆನೋವು, ಕರುಳಿನ ಕೆರಳಿಕೆ, ದೀರ್ಘಕಾಲದ ಬಳಲಿಕೆ, ಇವು ಆಗಾಗ ಇದರ ಒಡನಾಡಿಗಳಾಗಿ ಬರುತ್ತವೆ. ಕರ್ನಾಟಕದ ಮಟ್ಟಿಗೆ ಇನ್ನೊಂದು ನೆನಪೂ ಇದೆ. 2006ರ ಚಿಕೂನ್‌ಗುನ್ಯಾ ಮಾರಿಯಲ್ಲಿ ಈ ರಾಜ್ಯವೊಂದರಲ್ಲಿಯೇ ಏಳು ಲಕ್ಷಕ್ಕೂ ಮೀರಿದ ಶಂಕಿತ ರೋಗಿಗಳಿದ್ದರು. ಜ್ವರ ವಾರದಲ್ಲಿ ಬಿಟ್ಟರೂ ಮೈಕೈಯ ಬೇನೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಬಿಡಲಿಲ್ಲ. "ಅಂದಿನಿಂದ ನಾನು ನಾನಾಗಿ ಉಳಿದಿಲ್ಲ" ಎಂದು ಹೇಳುವವರು ನಮ್ಮ ಪ್ರತಿಯೊಂದು ಓಣಿಯಲ್ಲಿಯೂ ಸಿಗುತ್ತಾರೆ.

ಇಂತಹ ರೋಗಿಗಳು ನಿಸರ್ಗ ಚಿಕಿತ್ಸೆ, ಆಯುರ್ವೇದ, ಯೋಗ, ಸೂಜಿ ಚಿಕಿತ್ಸೆ, ಮನೆಮದ್ದು ಎಂದು ಅಲೆಯುವುದನ್ನು ಕಂಡು ಮೂಗು ಮುರಿಯುವ ವಿದ್ಯಾವಂತರಿದ್ದಾರೆ. ಅವರು ಒಂದು ವಿಷಯವನ್ನು ವಿಚಾರಿಸಬೇಕು. ದೊಡ್ಡ ಆಸ್ಪತ್ರೆಯ ಸಾಲಿನಲ್ಲಿ ಎರಡು ತಾಸು ಕಾದು ಮೂರು ನಿಮಿಷದ ದರ್ಶನ ಪಡೆದ ಹೆಂಗಸು, ಮರುದಿನ ನಾಡಿ ಹಿಡಿದು ಅರ್ಧ ತಾಸು ಅವಳ ಊಟ, ನಿದ್ರೆ, ತವರು, ದುಃಖ ಎಲ್ಲವನ್ನೂ ಕೇಳಿದ ವೈದ್ಯರ ಬಳಿ ಕುಳಿತೆದ್ದಾಗ, ಔಷಧ ಗಂಟಲಿಗೆ ಇಳಿಯುವ ಮುನ್ನವೇ ಹಗುರಾಗಿರುತ್ತಾಳೆ. ನಂಬಿ ಕೇಳಿದ ಕಿವಿಯೊಂದು ಸಿಕ್ಕಿತೆಂಬುದೇ ಅವಳಿಗೆ ದೊರೆತ ಮೊದಲ ಶಮನ. ಇದನ್ನು ಮೌಢ್ಯವೆಂದು ಜರೆಯುವುದು ಸಲ್ಲದು.

ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದ ಉಪಚಾರಗಳನ್ನೇ ನೋಡಿರಿ. ಔಡಲೆಣ್ಣೆಯನ್ನು ಬೆಚ್ಚಗೆ ಮಾಡಿ ತಿಕ್ಕುವುದು, ಲಕ್ಕಿಯ ಸೊಪ್ಪು ಹಾಕಿ ಕುದಿಸಿದ ನೀರನ್ನು ಎರೆಯುವುದು, ಎಕ್ಕೆಯ ಎಲೆಯನ್ನು ಕಾಯಿಸಿ ಶೇಕು ಕೊಡುವುದು, ಇವುಗಳಿಂದ ಸ್ನಾಯು ಸಡಿಲಗೊಂಡು ಕೆಲವು ತಾಸು ಸುಖವಾಗುವುದು ಅನುಭವದ ಮಾತು. ಆದರೆ ಈ ಉಪಚಾರಗಳು ಪೂರ್ಣ ವೈಭವದಿಂದ ನಡೆಯುತ್ತಿದ್ದುದು ಬಾಣಂತನದಲ್ಲಿ. ಹೆಣ್ಣೊಬ್ಬಳು ನೆಲಕ್ಕೆ ಕಾಲಿಡಬಾರದು, ತಣ್ಣೀರು ಮುಟ್ಟಬಾರದು, ಭಾರ ಎತ್ತಬಾರದು ಎಂದು ಇಡಿಯ ಕುಟುಂಬವೇ ಅವಳ ಸುತ್ತ ನಿಂತು, ತಾಯಿಯೋ ಅಜ್ಜಿಯೋ ದಿನವೂ ತಾಸುಗಟ್ಟಲೆ ಎಣ್ಣೆ ನೀರಿನ ಆರೈಕೆ ಮಾಡುತ್ತಿದ್ದ ಆ ಕೆಲವು ವಾರಗಳ ಹೊರತಾಗಿ, ಅವಳ ಆಯುಷ್ಯದಲ್ಲಿ ಇನ್ನೆಂದಾದರೂ ಅಷ್ಟು ಹೊತ್ತನ್ನು ಯಾರಾದರೂ ಅವಳಿಗೆ ಕೊಟ್ಟದ್ದುಂಟೆ? ಎಣ್ಣೆಯ ಗುಣವನ್ನು ಹೊಗಳುವ ನಾವು, ಎಣ್ಣೆಯ ಜೊತೆಗೆ ಆ ಮೈಗೆ ಇಳಿಯುತ್ತಿದ್ದ ವಿರಾಮದ ಗುಣವನ್ನು ಮರೆತಿದ್ದೇವೆ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವ ಮಾತು ಇದೊಂದೇ: ಈ ಬಗೆಯ ನೋವಿಗೆ ನಿಸರ್ಗವು ಕೊಡಬಲ್ಲ ಔಷಧವೆಂದರೆ ಕಾಲ, ಅದು ಅಂಗಡಿಯಲ್ಲಿ ಮಾರಾಟಕ್ಕಿಲ್ಲ, ಅದನ್ನು ಮನೆಯವರೂ ಊರೂ ಕೂಡಿ ರೋಗಿಗೆ ಬಿಟ್ಟುಕೊಡಬೇಕು.

ಈ ಸತ್ಯವನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ತುಂಗಭದ್ರೆಯ ತೀರದಲ್ಲಿ ಪ್ರೇಮಾಯತನವನ್ನು ಕಟ್ಟಿದ ಪಂಡಿತ ತಾರಾನಾಥರೂ, ಮಲ್ಲಾಡಿಹಳ್ಳಿಯಲ್ಲಿ ಯೋಗವನ್ನೂ ಆಯುರ್ವೇದವನ್ನೂ ಸೇವೆಯಾಗಿ ನಡೆಯಿಸಿದ ರಾಘವೇಂದ್ರ ಸ್ವಾಮಿಗಳೂ ಚಿಕಿತ್ಸೆಯನ್ನು ದಿನಚರಿಯಿಂದ ಬೇರ್ಪಡಿಸಿದವರಲ್ಲ. 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿ ಆರೋಗ್ಯವನ್ನು ಕುರಿತ ತಮ್ಮ ಚಿಕ್ಕ ಪುಸ್ತಕವನ್ನು ಬರೆದ ಗಾಂಧೀಜಿ, ಮಣ್ಣು, ನೀರು, ಬಯಲು, ಬಿಸಿಲು, ಗಾಳಿಗಳೆಂಬ ಐದನ್ನೇ ಔಷಧಗಳೆಂದೆಣಿಸಿದರು. ನಿಸರ್ಗೋಪಚಾರವು ಬಡವರಿಗೆ ನಿಲುಕಬೇಕೆಂಬ ಹಟದಿಂದಲೇ ಪುಣೆಯ ಪಟ್ಟಣವನ್ನು ಬಿಟ್ಟು 1946ರಲ್ಲಿ ಉರುಳಿಕಾಂಚನವೆಂಬ ಹಳ್ಳಿಯಲ್ಲಿ ಆಶ್ರಮವನ್ನು ತೊಡಗಿಸಿದರು. ಅದೇ ನಿಸರ್ಗೋಪಚಾರವು ಇಂದು ಅನೇಕ ಕಡೆ ಹುಲ್ಲುಹಾಸಿನ ನಡುವಣ ವಿಲಾಸಗೃಹವಾಗಿ, ಹತ್ತು ದಿನಕ್ಕೆ ಇಷ್ಟು ಸಾವಿರವೆಂಬ ದರಪಟ್ಟಿಯಾಗಿ ಪರಿಣಮಿಸಿದೆ. ಉಳ್ಳವರು ಹತ್ತು ದಿನದ ವಿಶ್ರಾಂತಿಯನ್ನು ಹಣ ಕೊಟ್ಟು ಕೊಳ್ಳುತ್ತಾರೆ; ಹನ್ನೊಂದನೆಯ ದಿನ ಮನೆಗೆ ಮರಳಿದಾಗ ನೋವು ಬಾಗಿಲಲ್ಲಿಯೇ ಕಾದಿರುತ್ತದೆ.

ಹಾಗಾದರೆ ಪರೀಕ್ಷೆಗೆ ನಿಂತು ಗೆದ್ದ ಉಪಾಯಗಳಾವುವು? ಯುರೋಪಿನ ಸಂಧಿರೋಗ ತಜ್ಞರ ಒಕ್ಕೂಟವು ತನ್ನ ಇತ್ತೀಚಿನ ಮಾರ್ಗದರ್ಶನವನ್ನು ಸಿದ್ಧಪಡಿಸುವಾಗ ಔಷಧಗಳನ್ನೂ ಔಷಧೇತರ ಕ್ರಮಗಳನ್ನೂ ಕೂಡಿಯೇ ತೂಗಿ, ನಿಸ್ಸಂದೇಹವಾಗಿ ಶಿಫಾರಸು ಮಾಡಿದುದು ಒಂದನ್ನೇ: ಮಿತವಾದ, ನಿಯತವಾದ ವ್ಯಾಯಾಮ. 2018ರಲ್ಲಿ ಬ್ರಿಟನ್ನಿನ ಪ್ರಸಿದ್ಧ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾದ, 226 ರೋಗಿಗಳನ್ನೊಳಗೊಂಡ ಅಧ್ಯಯನದಲ್ಲಿ, ಚೀನದ ಮಂದಗತಿಯ ತಾಯ್ ಚಿ ಅಭ್ಯಾಸವು ರೂಢಿಯ ವ್ಯಾಯಾಮಕ್ಕೆ ಸಮನಾಗಿ ಅಥವಾ ಅದಕ್ಕೂ ಮಿಗಿಲಾಗಿ ಫಲಕೊಟ್ಟಿತು. ಅದರಲ್ಲಿಯೂ 12 ವಾರ ಮಾಡಿದವರಿಗಿಂತ 24 ವಾರ ಮಾಡಿದವರಿಗೆ ಹೆಚ್ಚು. 2010ರಲ್ಲಿ 53 ಮಂದಿ ಮಹಿಳೆಯರ ಮೇಲೆ ನಡೆದ ಪರೀಕ್ಷೆಯಲ್ಲಿ ಎಂಟು ವಾರಗಳ ಮೃದು ಯೋಗ, ಪ್ರಾಣಾಯಾಮ, ಧ್ಯಾನಗಳು ನೋವನ್ನೂ ದಣಿವನ್ನೂ ತಗ್ಗಿಸಿದವು. ಬೆಚ್ಚನೆಯ ನೀರಿನಲ್ಲಿ ಮಾಡುವ ಚಲನೆಗೂ ಇದೇ ಬಗೆಯ ಆಧಾರವಿದೆ. ಇವೆಲ್ಲವುಗಳಿಗೆ ಸಾಮಾನ್ಯವಾದ ಗುಣಗಳೆಂದರೆ ಮೆಲ್ಲಗಿರುವುದು, ದಿನವೂ ನಡೆಯುವುದು, ತಿಂಗಳುಗಟ್ಟಲೆ ಬಿಡದಿರುವುದು. ಅವು ಬೇಡುವುದು ಹೊತ್ತನ್ನು.

ಅಕ್ಕ ಮೊದಲ ದಿನ ನಡೆದುದು ಮನೆಯ ಗೇಟಿನಿಂದ ಓಣಿಯ ತಿರುವಿನವರೆಗೆ, ಐದು ನಿಮಿಷ. ಮರುದಿನವೂ ಅಷ್ಟೇ, ವಾರ ಕಳೆದ ಮೇಲೆ ಒಂದು ನಿಮಿಷ ಹೆಚ್ಚು. ತೋಳನಕೆರೆಯ ದಂಡೆಯನ್ನು ಮುಟ್ಟುವುದಕ್ಕೆ ಆಕೆಗೆ ನಾಲ್ಕು ತಿಂಗಳು ಬೇಕಾಯಿತು. ಅವಸರಪಟ್ಟಿದ್ದರೆ ಮೊದಲ ವಾರದಲ್ಲಿಯೇ ಬಿಟ್ಟುಬಿಡುತ್ತಿದ್ದಳು, ಏಕೆಂದರೆ ಮೊದಮೊದಲು ನಡೆದರೆ ನೋವು ಏರುವುದುಂಟು, ಆ ಏರಿಕೆಗೆ ಅಂಜಿ ಕುಳಿತರೆ ಮೈ ಇನ್ನಷ್ಟು ಜಡವಾಗುವುದುಂಟು. ಇಲ್ಲಿ ಎಚ್ಚರಿಕೆಯ ಮಾತೊಂದಿದೆ: ದೀರ್ಘ ಬಳಲಿಕೆಯ ವ್ಯಾಧಿಯಿರುವವರಲ್ಲಿ ಕೊಂಚ ಶ್ರಮವೂ ಮರುದಿನ ಹಾಸಿಗೆ ಹಿಡಿಸಬಲ್ಲುದು, ಅಂಥವರಿಗೆ ವ್ಯಾಯಾಮವನ್ನು ಏರಿಸುತ್ತ ಹೋಗುವ ಚಿಕಿತ್ಸೆಯನ್ನು ಕೊಡಬಾರದೆಂದು ಇಂಗ್ಲೆಂಡಿನ ಆರೋಗ್ಯ ಮಾರ್ಗದರ್ಶನ ಸಂಸ್ಥೆ 2021ರಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಎರಡು ವ್ಯಾಧಿಗಳನ್ನೂ ಒಂದೇ ಅಳತೆಯಲ್ಲಿ ಅಳೆಯಲಾಗದು.

ನಡೆಯುವುದಕ್ಕಿಂತಲೂ ಕಷ್ಟವಾದುದು ನಿಲ್ಲುವುದನ್ನು ಕಲಿಯುವುದು. ನಮ್ಮ ಕಡೆಯ ಹೆಂಗಸರು ಮೈ ಹಗುರಾಗಿದ್ದ ದಿನ ಹಿಂದಿನ ವಾರದ ಬಾಕಿಯನ್ನೆಲ್ಲ ತೀರಿಸಲು ಹೊರಡುತ್ತಾರೆ: ಮೂವತ್ತು ಜೋಳದ ರೊಟ್ಟಿ ಬಡಿದು, ಅರಿವೆ ಒಗೆದು, ಅಂಗಳ ತೊಳೆದು, ಎಳ್ಳಮಾವಾಸ್ಯೆ ಹತ್ತಿರವಿದ್ದರೆ ಚರಗದ ಬುತ್ತಿಗೆಂದು ಸಜ್ಜಿಯ ರೊಟ್ಟಿಯನ್ನೂ ಮಾಡಿಟ್ಟು, ಮುಂದಿನ ಮೂರು ದಿನ ಏಳಲಾರದೆ ಮಲಗುತ್ತಾರೆ. ಸುಖದ ದಿನವೂ ದುಃಖದ ದಿನವೂ ಕೆಲಸ ಸಮವಾಗಿರಬೇಕು, ಹತ್ತು ರೊಟ್ಟಿಗೆ ಒಮ್ಮೆ ಏಳಬೇಕು, ನೆಲದ ಮೇಲಿನ ಕೊಣಮಿಗೆಯನ್ನು ಕಟ್ಟೆಯ ಮೇಲಕ್ಕೆ ತರಬೇಕು ಎಂಬಂತಹ ಸಾಮಾನ್ಯ ಮಾತುಗಳೇ ಇಲ್ಲಿ ಶ್ರೇಷ್ಠ ಪಥ್ಯ. ಆದರೆ ಈ ಪಥ್ಯವನ್ನು ರೋಗಿಯೊಬ್ಬಳೇ ಪಾಲಿಸಲಾರಳು. ಉಳಿದ ಇಪ್ಪತ್ತು ರೊಟ್ಟಿಗಳನ್ನು ಬಡಿಯುವವರೋ, ಖಾನಾವಳಿಯಿಂದ ತರುವವರೋ, ಅನ್ನವೇ ಸಾಕೆನ್ನುವವರೋ ಮನೆಯಲ್ಲಿರಬೇಕು.

ನಿದ್ರೆಯ ವಿಷಯ ಇನ್ನೂ ಆಳವಾದುದು. 1975ರಲ್ಲಿ ಕೆನಡದ ಟೊರೊಂಟೊದಲ್ಲಿ ಹಾರ್ವಿ ಮೋಲ್ಡಾಫ್‌ಸ್ಕಿ ಮತ್ತು ಸಂಗಡಿಗರು ಆರೋಗ್ಯವಂತರಾದ ಸ್ವಯಂಸೇವಕರನ್ನು ಮಲಗಿಸಿ, ಗಾಢನಿದ್ರೆ ಬಂದಾಗಲೆಲ್ಲ ಸದ್ದು ಮಾಡಿ ಅದನ್ನು ಕದಡುತ್ತಿದ್ದರು. ಕೆಲವೇ ರಾತ್ರಿಗಳಲ್ಲಿ ಆ ಆರೋಗ್ಯವಂತರ ಮೈಯಲ್ಲಿಯೂ ಸ್ನಾಯುಗಳ ನೋವು, ಒತ್ತಿದರೆ ಬೇನೆ, ದಣಿವು ಕಾಣಿಸಿಕೊಂಡವು. ಈ ಸಂಗತಿಯನ್ನು ಓದಿದಾಗ ನನಗೆ ಟೊರೊಂಟೊ ನೆನಪಾಗಲಿಲ್ಲ, ಹುಬ್ಬಳ್ಳಿಯ ನಳ ನೆನಪಾಯಿತು. ನಾಲ್ಕೈದು ದಿನಕ್ಕೊಮ್ಮೆ, ಬೇಸಗೆಯಲ್ಲಿ ವಾರಕ್ಕೊಮ್ಮೆ, ಹೊತ್ತುಗೊತ್ತಿಲ್ಲದೆ ಬರುವ ನೀರಿಗಾಗಿ ಕಿವಿ ತೆರೆದುಕೊಂಡೇ ಮಲಗುವ, ನಡುರಾತ್ರಿಯಲ್ಲಿ ನಳ ಬಂತೆಂದು ಎದ್ದು ಕೊಡ ತುಂಬುವ, ಮತ್ತೆ ಐದಕ್ಕೆ ಒಲೆಯ ಮುಂದೆ ನಿಲ್ಲುವ ಹೆಂಗಸರ ಮೇಲೆ ಆ ಪ್ರಯೋಗವನ್ನು ನಾವು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದೇವೆ. ಮೊಬೈಲು ದೂರವಿಡಿ, ನಿಯತ ಹೊತ್ತಿಗೆ ಮಲಗಿ ಎಂದು ವೈದ್ಯರು ಹೇಳುವುದು ಸರಿ. ಆದರೆ ನಿಯತ ಹೊತ್ತಿಗೆ ನೀರು ಬಾರದ ಊರಿನಲ್ಲಿ ನಿಯತ ಹೊತ್ತಿನ ನಿದ್ರೆ ಯಾರಿಗೆ ಸಾಧ್ಯ? 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ ದಿನದ ಇಪ್ಪತ್ತನಾಲ್ಕು ತಾಸೂ ನೀರು ಹರಿಸಿ ತೋರಿಸಿದರು. ಅದನ್ನು ಊರಿಗೆಲ್ಲ ಹರಡುವ ಕಾರ್ಯವು ಎಂಜಿನಿಯರುಗಳ ಕಡತದಷ್ಟೇ ಆರೋಗ್ಯ ಇಲಾಖೆಯ ಕಡತಕ್ಕೂ ಸೇರಿದುದೆಂದು ನಾನು ನಂಬುತ್ತೇನೆ.

ಇನ್ನುಳಿದ ಉಪಾಯಗಳ ವಿಷಯದಲ್ಲಿ ಮಾತು ಮಿತವಾಗಿರಲಿ. ಅಭ್ಯಂಗವೂ ಮರ್ದನವೂ ಸ್ವಲ್ಪ ಕಾಲದ ಸುಖವನ್ನು ಕೊಡುತ್ತವೆ. ಸೂಜಿ ಚಿಕಿತ್ಸೆಯಿಂದ ಕೆಲವರಿಗೆ ಗುಣ ಕಂಡಿದೆ, ಆದರೆ ಅಧ್ಯಯನಗಳ ಉತ್ತರ ಏಕರೂಪವಾಗಿಲ್ಲ. ಇಂತಹದೇ ಆಹಾರದಿಂದ ಈ ವ್ಯಾಧಿ ಹೋಗುವುದೆಂಬುದಕ್ಕೆ ಆಧಾರವಿಲ್ಲ, ಮತ್ತು ಮೊದಲೇ ನಿಶ್ಶಕ್ತರಾದವರಿಗೆ ದೀರ್ಘ ಉಪವಾಸವನ್ನು ಹೇರುವುದು ಅನ್ಯಾಯ. ಆಯುರ್ವೇದದ ಪಂಡಿತರು ಇದನ್ನು ಮಾಧವನಿದಾನದಲ್ಲಿ ವರ್ಣಿತವಾದ ಆಮವಾತದೊಡನೆ ಕೆಲವೊಮ್ಮೆ ಹೋಲಿಸುತ್ತಾರೆ. ಕೀಲು ಬಾಯುವ ಆಮವಾತಕ್ಕೂ ಕೀಲು ಬಾಯದ ಈ ಬೇನೆಗೂ ಇರುವ ಅಂತರವನ್ನು ಅರಿತು ಚಿಕಿತ್ಸಿಸುವ ವೈದ್ಯರೇ ನಂಬಲರ್ಹರು.

ಭಯಪಡತಕ್ಕದ್ದು ಬೇರೆಯಿದೆ. ಅಕ್ಕನ ಭರಣಿಯ ಹಿಂದಿದ್ದ ಆ ಬೂದುಬಣ್ಣದ ಪುಡಿ ಮೂರೇ ದಿನಗಳಲ್ಲಿ ಅವಳ ನೋವನ್ನು ಅರ್ಧಕ್ಕಿಳಿಸಿತು; ಮನೆಯವರೆಲ್ಲ ಸಂಭ್ರಮಪಟ್ಟೆವು. ಎರಡು ತಿಂಗಳಲ್ಲಿ ಮುಖ ಉಬ್ಬಿ ದುಂಡಗಾಯಿತು, ರಕ್ತದ ಸಕ್ಕರೆ ಏರಿತು. ಇವು ಸ್ಟೀರಾಯ್ಡಿನ ಗುರುತುಗಳೆಂದು ವೈದ್ಯರು ಹೇಳಿ, ಅದನ್ನು ಒಮ್ಮೆಲೇ ನಿಲ್ಲಿಸಿದರೂ ಅಪಾಯವೆಂದು ಎಚ್ಚರಿಸಿ, ತಮ್ಮ ಕಣ್ಣೆದುರಿನಲ್ಲಿಯೇ ಹಂತಹಂತವಾಗಿ ಬಿಡಿಸಿದರು. ಗಿಡಮೂಲಿಕೆಯೆಂದು ಮಾರಿದ್ದರಿಂದಲೇ ಯಾವ ಪುಡಿಯೂ ನಿರಪಾಯವಾಗದು. 2008ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅಂತರ್ಜಾಲದ ಮೂಲಕ ಕೊಂಡ 193 ಆಯುರ್ವೇದ ತಯಾರಿಕೆಗಳ ಪೈಕಿ ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಶಂಖಪಾಷಾಣದ ಅಂಶಗಳು ಕಂಡುಬಂದವು. ನರವ್ಯವಸ್ಥೆಯ ವ್ಯಾಧಿಗಳನ್ನೂ ವಾತದ ಬೇನೆಗಳನ್ನೂ ಗುಣಪಡಿಸುವೆವೆಂದು ಜಾಹೀರಾತು ಮಾಡುವುದನ್ನು 1954ರ ಕಾಯಿದೆಯೊಂದು ನಿಷೇಧಿಸಿದೆ. ಆದಾಗ್ಯೂ ನಮ್ಮ ಗೋಡೆಗಳ ಮೇಲೆ "ಸಂಪೂರ್ಣ ಗುಣ" ಎಂಬ ಎರಡು ಶಬ್ದಗಳು ಅಳಿಸಿಹೋಗಿಲ್ಲ. ಬೇನೆಯಿಂದ ಬಳಲಿದವರಿಗೆ ನಾನು ಕೈಮುಗಿದು ಹೇಳುವುದಿಷ್ಟು: ಸಂಪೂರ್ಣ ಗುಣದ ಭಾಷೆ ಕೊಡುವವರನ್ನೂ, ಪುಡಿಯಲ್ಲೇನಿದೆಯೆಂದು ಹೇಳದವರನ್ನೂ, ನಡೆಯುತ್ತಿರುವ ಔಷಧವನ್ನು ಒಮ್ಮೆಲೇ ಬಿಡಿಸುವವರನ್ನೂ ದೂರವಿಡಿರಿ. ಯಾವ ಮಾರ್ಗ ಹಿಡಿಯುವ ಮುನ್ನವೂ ಥೈರಾಯ್ಡು, ರಕ್ತಹೀನತೆ, ಡಿ ಜೀವಸತ್ವದ ಕೊರತೆ, ಸಂಧಿವಾತ ಇವುಗಳ ಪರೀಕ್ಷೆಯಾಗಲಿ. ಜ್ವರ, ತೂಕ ಇಳಿಯುವಿಕೆ, ಕೀಲಿನ ಬಾವು, ಕೈಕಾಲುಗಳ ಬಲಹೀನತೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ಇತ್ತ ಆಧುನಿಕ ವೈದ್ಯರಲ್ಲಿಯೂ ನನ್ನದೊಂದು ವಿನಂತಿಯಿದೆ. "ಎಲ್ಲಾ ಮನಸ್ಸಿನದು" ಎಂದು ಹೇಳಿ ಕಳಿಸುವ ಒಂದು ವಾಕ್ಯವು ರೋಗಿಯನ್ನು ನೇರವಾಗಿ ಆ ಪುಡಿಯ ಡಬ್ಬಿಯ ಬಳಿಗೆ ಕಳಿಸುತ್ತದೆ. ಅಲ್ಪ ಪ್ರಮಾಣದ ಅಮಿಟ್ರಿಪ್ಟಿಲಿನ್, ಡ್ಯುಲೊಕ್ಸೆಟಿನ್, ಪ್ರಿಗ್ಯಾಬಲಿನ್‌ಗಳಿಂದ ಕೆಲವರಿಗೆ ತಕ್ಕಮಟ್ಟಿನ ಉಪಶಮನವಿದೆ. ಆದರೆ ಅವು ನಡಿಗೆ, ನಿದ್ರೆ, ಉಸಿರಿನ ಅಭ್ಯಾಸಗಳಿಗೆ ಒತ್ತಾಸೆಯಾಗಬಲ್ಲವೇ ಹೊರತು ಅವುಗಳ ಸ್ಥಾನವನ್ನು ತುಂಬಲಾರವು. ಎರಡು ಮಾರ್ಗಗಳೂ ಒಂದೇ ಛಾವಣಿಯ ಕೆಳಗೆ ಕೂಡಿದರೆ ಎಷ್ಟು ಒಳಿತಾದೀತು! 1957ರಲ್ಲಿ ಹುಟ್ಟಿ ಜನರ ಬಾಯಲ್ಲಿ ಕಿಮ್ಸ್ ಎಂದೇ ಉಳಿದಿರುವ ವಿದ್ಯಾನಗರದ ಸರಕಾರಿ ವೈದ್ಯಕೀಯ ಸಂಸ್ಥೆಯೂ ಹೆಗ್ಗೇರಿಯ ಆಯುರ್ವೇದ ಮಹಾವಿದ್ಯಾಲಯವೂ ಒಂದೇ ಊರಿನಲ್ಲಿವೆ. ವಾರಕ್ಕೆ ಒಂದು ದಿನ, ದೀರ್ಘ ನೋವಿನವರಿಗಾಗಿಯೇ, ಒಬ್ಬ ತಜ್ಞರು, ಒಬ್ಬ ಆಯುರ್ವೇದ ವೈದ್ಯರು, ಒಬ್ಬ ಯೋಗಶಿಕ್ಷಕರು, ಒಬ್ಬ ಫಿಜಿಯೋಥೆರಪಿಸ್ಟ್ ಕೂಡಿ ಕುಳಿತು ಪ್ರತಿಯೊಬ್ಬರ ಮಾತನ್ನು ಅರ್ಧ ತಾಸು ಕೇಳುವಂತಹ ಒಂದು ಕೋಣೆ ಈ ಅವಳಿನಗರಕ್ಕೆ ಭಾರವಾಗಲಾರದು.

ಆ ಕೋಣೆ ಎಂದು ಬಂದೀತೋ ಬರಲಿ; ಮನೆಗಳು ಅದಕ್ಕಾಗಿ ಕಾಯಬೇಕಾಗಿಲ್ಲ. ಅಕ್ಕ ಗುಣಹೊಂದಿದ್ದಾಳೆಂದು ನಾನು ಹೇಳಲಾರೆ. ಮಳೆಗಾಲದ ಮುಂಜಾವುಗಳಲ್ಲಿ ಇಂದಿಗೂ ಆಕೆ ಗೋಡೆ ಹಿಡಿದೇ ಏಳುತ್ತಾಳೆ. ಆದರೆ ಸಂಜೆಯ ಐದರಿಂದ ಆರರವರೆಗಿನ ಹೊತ್ತು ಈಗ ಅವಳದು. ಆ ಹೊತ್ತಿನಲ್ಲಿ ಚಹಾ ಕೇಳುವವರಿಲ್ಲ, ಅತಿಥಿಗಳು ಬಂದರೆ ಮಾವನೇ ಉಪಚರಿಸುತ್ತಾನೆ, ಆಕೆ ತೋಳನಕೆರೆಯ ದಂಡೆಯಲ್ಲಿ ತನ್ನ ವೇಗದಲ್ಲಿ ತಾನು ನಡೆದು ಬರುತ್ತಾಳೆ. ಕಳೆದ ವಾರ ನಾನು ಅಲ್ಲಿ ತಂಗಿದ್ದ ರಾತ್ರಿ, ಎರಡು ಗಂಟೆಯ ಸುಮಾರಿಗೆ ನಳದಲ್ಲಿ ಗಾಳಿ ಕೂಗಿತು, ನೀರು ಬಂದಿತು. ಹಿಂದಿನ ಅಭ್ಯಾಸದಂತೆ ನಾನು ಅಕ್ಕನ ಕೋಣೆಯತ್ತ ನೋಡಿದೆ. ಅಷ್ಟರಲ್ಲಿ ಅಳಿಯ ಎದ್ದು, ಚಪ್ಪಲಿಯ ಸದ್ದಾಗದಂತೆ ಬರಿಗಾಲಿನಲ್ಲಿ ಹಿತ್ತಿಲಿಗೆ ಹೋಗಿ, ಕೊಡಗಳು ಒಂದಕ್ಕೊಂದು ತಾಗದಂತೆ ಎತ್ತಿಟ್ಟು ತುಂಬತೊಡಗಿದ್ದ. ಅಕ್ಕನ ಕೋಣೆಯ ಬಾಗಿಲು ಮುಚ್ಚಿಯೇ ಇದ್ದಿತು. ಒಳಗೆ ಆಕೆ ನಿದ್ರಿಸುತ್ತಿದ್ದಳು.